ಚದರಡಿ ಲೆಕ್ಕ ಬಿಡಿ, ಕೆಲಸದ ಲೆಕ್ಕ ಕೇಳಿ

ಬೆಂಗಳೂರಿನ ಜಯನಗರ, ರಾಜಾಜಿನಗರ, ಮೈಸೂರಿನ ಕುವೆಂಪುನಗರ, ಹುಬ್ಬಳ್ಳಿಯ ವಿದ್ಯಾನಗರದಂಥ ಬಡಾವಣೆಗಳಲ್ಲಿ ಮೂವತ್ತು ನಲವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಗಳಿಗೆ ಈಗ ವಯಸ್ಸಾಗಿದೆ. ಜಿಐ ಪೈಪುಗಳು ಗೋಡೆಯೊಳಗೇ ತುಕ್ಕು ಹಿಡಿದಿವೆ, ಬಚ್ಚಲಿನ ತೇವ ಪಕ್ಕದ ಕೋಣೆಗೆ ಇಳಿಯುತ್ತಿದೆ, ಎಸಿ, ಗೀಸರ್, ಇಂಡಕ್ಷನ್ ಒಲೆಗಳ ಭಾರವನ್ನು ಹಳೆಯ ವೈರಿಂಗ್ ತಾಳುತ್ತಿಲ್ಲ. ಕೆಡವಿ ಹೊಸದು ಕಟ್ಟೋಣವೆಂದರೆ ಖರ್ಚಿನ ಜೊತೆಗೆ ಇಂದಿನ ಸೆಟ್‌ಬ್ಯಾಕ್ ನಿಯಮಗಳೂ ಎದುರಾಗುತ್ತವೆ. ಹೀಗಾಗಿ ಇದ್ದ ಮನೆಯನ್ನೇ ಸರಿಪಡಿಸಿಕೊಳ್ಳಲು ಜನ ನಿವೃತ್ತಿಯ ಹಣ ತೆಗೆಯುತ್ತಾರೆ, ಒಡವೆ ಅಡವಿಡುತ್ತಾರೆ, ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ. ಇಷ್ಟು ದೊಡ್ಡ ಖರ್ಚು ಬಹಳ ಸಲ ತೀರ್ಮಾನವಾಗುವುದು ‘ಚದರಡಿಗೆ ಎಷ್ಟಾಗುತ್ತದೆ?’ ಎಂಬ ಒಂದೇ ಪ್ರಶ್ನೆಯ ಮೇಲೆ. ಆ ಪ್ರಶ್ನೆಯೇ ತಪ್ಪು ಎಂಬುದು ನನ್ನ ವಾದ. ಹೊಸ ಮನೆಗೆ ಒಂದು ಮೊದಲ ಅಂದಾಜಾಗಿ ಅದನ್ನು ಒಪ್ಪಬಹುದು. ನವೀಕರಣಕ್ಕೆ ಅದು ಒಗ್ಗುವುದಿಲ್ಲ. ನವೀಕರಣದ ನ್ಯಾಯವಾದ ಬೆಲೆ ನಾಲ್ಕು ಜನರನ್ನು ವಿಚಾರಿಸಿದರೆ ಸಿಗುವಂಥದ್ದಲ್ಲ. ಕೆಲಸವನ್ನು ಬಾಬ್ತುವಾರು ಅಳೆದು, ಒಂದೊಂದು ಬಾಬ್ತಿಗೂ ದರ ಕಟ್ಟಿ, ಕಣ್ಣಿಗೆ ಕಾಣದ್ದಕ್ಕೆ ಹಣ ಮೀಸಲಿಟ್ಟಾಗ ಮಾತ್ರ ಅದು ಗೊತ್ತಾಗುತ್ತದೆ. ಸರ್ಕಾರ ತನ್ನ ಕಟ್ಟಡಗಳಿಗೆ ದಶಕಗಳಿಂದ ಬಳಸುತ್ತಿರುವ ಈ ವಿಧಾನ ಸಾಮಾನ್ಯ ಮನೆಯವರ ಕೈಗೂ ಬರಬೇಕು.

ಚದರಡಿ ಲೆಕ್ಕ ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಒಂದು ಬಚ್ಚಲುಮನೆಯಲ್ಲೇ ನೋಡಬಹುದು. 5 ಅಡಿ ಅಗಲ, 8 ಅಡಿ ಉದ್ದದ ಬಚ್ಚಲಿನ ನೆಲ 40 ಚದರಡಿ. ನಾಲ್ಕು ಗೋಡೆಗಳ ಸುತ್ತಳತೆ 26 ಅಡಿ. 7 ಅಡಿ ಎತ್ತರಕ್ಕೆ ಟೈಲ್ಸ್ ಹಾಕಿಸಿದರೆ 182 ಚದರಡಿ. ಬಾಗಿಲಿನ ಜಾಗ ಕಳೆದರೂ ಸುಮಾರು 165 ಉಳಿಯುತ್ತದೆ. ನೆಲವನ್ನೂ ಸೇರಿಸಿದರೆ 40 ಚದರಡಿಯ ಕೋಣೆಗೆ 200 ಚದರಡಿ ದಾಟಿದ ಟೈಲ್ಸ್ ಕೆಲಸ. ಅದರ ಮೇಲೆ ಹಳೆಯ ಟೈಲ್ಸ್ ಕೀಳುವುದು, ನೀರು ಸೋರದಂತೆ ವಾಟರ್‌ಪ್ರೂಫಿಂಗ್, ಬಿಸಿನೀರು ತಣ್ಣೀರಿನ ಸಿಪಿವಿಸಿ ಪೈಪು, ಕಮೋಡ್, ನಲ್ಲಿಗಳು, ಗೀಸರ್ ಪಾಯಿಂಟ್. ಅದೇ ಮನೆಯ ಮಲಗುವ ಕೋಣೆ ಇದರ ಮೂರು ಪಟ್ಟು ದೊಡ್ಡದಿದ್ದರೂ ಅಲ್ಲಿ ಬೇಕಾದದ್ದು ಪುಟ್ಟಿ, ಬಣ್ಣ, ಒಂದೆರಡು ಸ್ವಿಚ್ ಪಾಯಿಂಟ್ ಮಾತ್ರ ಇರಬಹುದು. ಈ ಎರಡು ಕೋಣೆಗಳಿಗೂ ಒಂದೇ ಚದರಡಿ ದರ ಹಾಕಿದರೆ ಆ ಸಂಖ್ಯೆಗೆ ಏನೂ ಅರ್ಥ ಉಳಿಯುವುದಿಲ್ಲ. ಹೊಸ ಮನೆಯಲ್ಲಿ ಪಾಯದಿಂದ ತಾರಸಿಯವರೆಗೆ ಎಲ್ಲ ಕೆಲಸವೂ ಇರುವುದರಿಂದ ಹೆಚ್ಚು ಕಡಿಮೆಗಳು ಒಂದಕ್ಕೊಂದು ಹೊಂದಿಕೊಂಡು ಸರಾಸರಿಯೊಂದು ಸಿಗುತ್ತದೆ. ನವೀಕರಣದಲ್ಲಿ ಒಂದು ಮನೆಗೆ ಅಡುಗೆಮನೆ ಮತ್ತು ಪೈಪುಗಳು, ಇನ್ನೊಂದಕ್ಕೆ ಬರೀ ನೆಲಹಾಸು, ಮತ್ತೊಂದಕ್ಕೆ ಗೋಡೆ ಒಡೆದು ತೊಲೆ ಕೂರಿಸುವ ಕೆಲಸ. ಪಕ್ಕದ ಮನೆಯವರಿಗೆ ಎಷ್ಟಾಯಿತು ಎಂಬುದು ಈ ಕಾರಣಕ್ಕೇ ನಮ್ಮ ಮನೆಯ ಖರ್ಚಿಗೆ ಸಾಕ್ಷಿಯಾಗಲಾರದು.

ಹಾಗಾದರೆ ಒಂದು ಬಾಬ್ತಿನ ದರ ಕಟ್ಟುವುದು ಹೇಗೆ? ಎಂಜಿನಿಯರುಗಳು ಇದನ್ನು ದರ ವಿಶ್ಲೇಷಣೆ ಎನ್ನುತ್ತಾರೆ; ಐದನೇ ತರಗತಿಯ ಗಣಿತ ಬಂದರೆ ಸಾಕು. ಒಳಗೋಡೆಯ 100 ಚದರಡಿ ಪ್ಲಾಸ್ಟರಿಂಗ್ ತೆಗೆದುಕೊಳ್ಳೋಣ. ಅರ್ಧ ಅಂಗುಲ ದಪ್ಪಕ್ಕೆ ಸುಮಾರು 4 ಘನ ಅಡಿ ಗಾರೆ ಬೇಕು. ಒಂದಕ್ಕೆ ಆರರ ಮಿಶ್ರಣದಲ್ಲಿ, ಗೋಡೆಯ ಸಂದುಗೊಂದು ತುಂಬುವುದನ್ನೂ ಪೋಲಾಗುವುದನ್ನೂ ಸೇರಿಸಿದರೂ, 50 ಕೆ.ಜಿ.ಯ ಒಂದು ಮೂಟೆ ಸಿಮೆಂಟ್, ಆರು ಘನ ಅಡಿ ಎಂ-ಸ್ಯಾಂಡ್ ಒಳಗೆ ಮುಗಿಯುತ್ತದೆ. ಒಬ್ಬ ಗಾರೆಯವರು, ಒಬ್ಬ ಸಹಾಯಕರು ದಿನಕ್ಕೆ ಮಾಡಬಹುದಾದ ಕೆಲಸವೂ ಹೆಚ್ಚುಕಡಿಮೆ ಇಷ್ಟೇ. ಉದಾಹರಣೆಗೆ ಇಬ್ಬರ ಕೂಲಿ 2,000 ರೂಪಾಯಿ, ಸಿಮೆಂಟ್ 400, ಮರಳು 360 ಎಂದು ಇಟ್ಟುಕೊಂಡರೆ 2,760 ಆಯಿತು. ಸಾರುವೆ, ನೀರು, ಸಲಕರಣೆಗೆ ನೂರಕ್ಕೆ ಐದು ಸೇರಿಸಿದರೆ 2,900ರ ಆಸುಪಾಸು. ಗುತ್ತಿಗೆದಾರರ ಮೇಲ್ವಿಚಾರಣೆ ಮತ್ತು ಲಾಭಕ್ಕೆ ಕೇಂದ್ರ ಲೋಕೋಪಯೋಗಿ ಇಲಾಖೆಯ ವಿಶ್ಲೇಷಣೆಯಲ್ಲಿರುವಂತೆ ಶೇ 15 ಕೊಟ್ಟರೆ 3,300 ದಾಟುತ್ತದೆ. ಅಂದರೆ ಚದರಡಿಗೆ 33 ರೂಪಾಯಿ. ಕೂಲಿ, ಸಾಮಗ್ರಿಗೆ ನಿಮ್ಮೂರಿನ ಇಂದಿನ ಬೆಲೆ ಹಾಕಿದರೆ ನಿಮ್ಮೂರಿನ ದರ ಸಿಗುತ್ತದೆ. ಯಾರಾದರೂ 60 ರೂಪಾಯಿ ಕೇಳಿದರೆ ಜಗಳವಾಡುವ ಅಗತ್ಯವಿಲ್ಲ, ಕಾರಣ ಕೇಳಬೇಕು: ಹಳೆಯ ಪ್ಲಾಸ್ಟರ್ ಕೆತ್ತುವುದೂ ಸೇರಿದೆಯೇ, ಗೋಡೆ ಓರೆಯಾಗಿರುವುದರಿಂದ ದಪ್ಪ ಹೆಚ್ಚಬೇಕೇ? ಇನ್ನೂ ಮುಖ್ಯವಾದದ್ದು ಅಗ್ಗದ ದರ. ಯಾರಾದರೂ ಎಲ್ಲ ಸೇರಿ 20 ರೂಪಾಯಿಗೆ ಮಾಡಿಕೊಡುತ್ತೇನೆ ಎಂದರೆ ಅದು ಕೂಲಿಗೇ ಸರಿಯಾಗುತ್ತದೆ. ಉಳಿದದ್ದು ಸಿಮೆಂಟಿನಲ್ಲೋ, ದಪ್ಪದಲ್ಲೋ, ಕ್ಯೂರಿಂಗ್‌ನಲ್ಲೋ, ಕೆಲಸಗಾರರ ಮಜೂರಿಯಲ್ಲೋ ಕಡಿತವಾಗಲೇಬೇಕು. ಲೆಕ್ಕ ಬಲ್ಲವರಿಗೆ ದುಬಾರಿ ದರದಷ್ಟೇ ಸ್ಪಷ್ಟವಾಗಿ ಅಸಾಧ್ಯವಾದ ದರವೂ ಕಾಣುತ್ತದೆ.

ಇಂಥ ಲೆಕ್ಕವನ್ನು ಪ್ರತಿ ಕುಟುಂಬವೂ ಮೊದಲಿನಿಂದ ಕಟ್ಟಬೇಕಿಲ್ಲ. ರಾಜ್ಯದ ಲೋಕೋಪಯೋಗಿ ಇಲಾಖೆ ಹೊರಡಿಸುವ ದರಪಟ್ಟಿಯಲ್ಲಿ, ಅಂದರೆ ಗುತ್ತಿಗೆದಾರರೆಲ್ಲ ‘ಎಸ್‌ಆರ್’ ಎಂದು ಕರೆಯುವ ಪಟ್ಟಿಯಲ್ಲಿ, ಗೋಡೆ ಕಟ್ಟುವುದರಿಂದ ಹಿಡಿದು ಬಣ್ಣ ಬಳಿಯುವವರೆಗೆ ಒಂದೊಂದು ಕೆಲಸಕ್ಕೂ ವಿವರಣೆ ಮತ್ತು ದರ ಇದೆ. ಅಳತೆ ಹೇಗೆ ಮಾಡಬೇಕು ಎಂಬುದಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 1200 ಇದೆ. ಬಾಗಿಲು ಕಿಟಕಿಯ ಜಾಗವನ್ನು ಪ್ಲಾಸ್ಟರಿಂಗ್ ಅಳತೆಯಿಂದ ಕಳೆಯಬೇಕೋ ಬೇಡವೋ ಎಂದು ಮೇಸ್ತ್ರಿಗೂ ಮನೆಯವರಿಗೂ ನಡೆಯುವ ವಾಗ್ವಾದಕ್ಕೆ ಅದರಲ್ಲಿ ಉತ್ತರ ಸಿದ್ಧವಾಗಿದೆ: ಅರ್ಧ ಚದರ ಮೀಟರಿನೊಳಗಿನ ತೆರವನ್ನು ಕಳೆಯುವಂತಿಲ್ಲ, ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರಿನೊಳಗಿದ್ದರೆ, ಗೋಡೆಯ ಎರಡೂ ಬದಿಗೆ ಒಂದೇ ಬಗೆಯ ಪ್ಲಾಸ್ಟರ್ ಆಗಿದ್ದಾಗ ಒಂದು ಬದಿಯದನ್ನು ಮಾತ್ರ ಕಳೆಯಬೇಕು, ಅಂಚುಗಳ ಕೆಲಸಕ್ಕೆ ಬೇರೆ ಅಳತೆ ಹಿಡಿಯುವಂತಿಲ್ಲ. ಇಬ್ಬರಿಗೂ ಅನ್ಯಾಯವಾಗದಂತೆ ಯೋಚಿಸಿ ಮಾಡಿದ ನಿಯಮವಿದು. ಸರ್ಕಾರಿ ಕಾಮಗಾರಿಯಲ್ಲಿ ಕೆಲಸ ಮುಗಿದಂತೆ ಅಳತೆ ಪುಸ್ತಕದಲ್ಲಿ ಬರೆದು, ಬರೆದಷ್ಟಕ್ಕೇ ಹಣ ಕೊಡುವುದು ಪದ್ಧತಿ. ಸಾರ್ವಜನಿಕರ ಹಣ ಕಾಯಲು ಹುಟ್ಟಿದ ಈ ಶಿಸ್ತು ಒಂದು ಕುಟುಂಬದ ಜೀವಮಾನದ ಉಳಿತಾಯವನ್ನು ಕಾಯಲು ಯಾಕೆ ಬೇಡ?

ಮೊದಲ ಆಕ್ಷೇಪ ಇಲ್ಲೇ ಏಳುತ್ತದೆ. ಎಸ್‌ಆರ್ ದರಕ್ಕೆ ಮಾರುಕಟ್ಟೆಯಲ್ಲಿ ಯಾರೂ ಕೆಲಸ ಮಾಡುವುದಿಲ್ಲ, ಅದು ದೊಡ್ಡ ಕಾಮಗಾರಿಗೆ ಹೇಳಿದ್ದು ಎನ್ನುತ್ತಾರೆ. ಇದರಲ್ಲಿ ನಿಜವಿದೆ. ಎರಡು ಬಚ್ಚಲುಗಳ ಕೆಲಸಕ್ಕೆ ಸಾಮಗ್ರಿ ಚಿಲ್ಲರೆ ಬೆಲೆಗೆ ಬರುತ್ತದೆ, ಅರ್ಧ ದಿನದ ಕೆಲಸಕ್ಕೂ ಪೂರ್ತಿ ದಿನದ ಕೂಲಿ ಕೊಡಬೇಕಾಗುತ್ತದೆ, ಮೂರನೇ ಮಹಡಿಗೆ ಮರಳು ಹೊರಿಸಬೇಕಾಗುತ್ತದೆ, ಮನೆಯವರು ಒಳಗೇ ವಾಸವಿದ್ದರೆ ಕೆಲಸ ನಿಧಾನವಾಗುತ್ತದೆ. ಆದ್ದರಿಂದ ಎಸ್‌ಆರ್‌ಗಿಂತ ಹೆಚ್ಚು ಕೊಡಬೇಕಾಗಿ ಬರುವುದು ಸಹಜ. ಆದರೆ ದರಪಟ್ಟಿಯ ಉಪಯೋಗ ಅದರ ಅಂಕಿಯನ್ನೇ ಹಿಡಿದು ಚೌಕಾಶಿ ಮಾಡುವುದರಲ್ಲಿಲ್ಲ. ಕೆಲಸಗಳ ಹೆಸರು, ವಿವರಣೆ, ಅಳತೆಯ ಘಟಕ ಅದರಿಂದ ಸಿಗುತ್ತವೆ. ಹೋಲಿಕೆಗೆ ಒಂದು ನೆಲೆ ಸಿಗುತ್ತದೆ. ಮೂವರಿಂದ ಕೊಟೇಶನ್ ತರಿಸಿದರೆ ಸಾಲದೇ ಎನ್ನುವವರಿಗೂ ಉತ್ತರ ಇದೇ. ಒಬ್ಬರ ಮೊತ್ತದಲ್ಲಿ ಮಣ್ಣು ಸಾಗಿಸುವುದು ಸೇರಿರುತ್ತದೆ, ಇನ್ನೊಬ್ಬರದರಲ್ಲಿ ಇರುವುದಿಲ್ಲ. ಒಬ್ಬರು ಬಣ್ಣಕ್ಕೆ ಮುನ್ನ ಎರಡು ಕೋಟ್ ಪುಟ್ಟಿ ಹಿಡಿದಿರುತ್ತಾರೆ, ಇನ್ನೊಬ್ಬರು ಒಂದನ್ನೇ. ಮನೆಯವರೇ ಬಾಬ್ತು ಪಟ್ಟಿ ಮಾಡಿ ಮೂವರಿಗೂ ಅದೇ ಪಟ್ಟಿ ಕೊಟ್ಟಾಗ ಮಾತ್ರ ಮೂರು ಕೊಟೇಶನ್‌ಗಳು ಒಂದೇ ಕೆಲಸದ ಬೆಲೆ ಹೇಳುತ್ತವೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಹಳೆಯ ಮನೆಯ ಗೋಡೆಯೊಳಗೆ, ನೆಲದಡಿ ಏನಿದೆಯೆಂದು ಒಡೆಯುವವರೆಗೆ ಗೊತ್ತಾಗದು. ಕಾಣದ್ದನ್ನು ಅಳೆಯುವುದು ಹೇಗೆ? ಅಂದಾಜು ಮೀರುವುದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. ನೊಬೆಲ್ ಪುರಸ್ಕೃತ ಮನೋವಿಜ್ಞಾನಿ ಡೇನಿಯಲ್ ಕಾನಮನ್ ತಮ್ಮ ಪುಸ್ತಕದಲ್ಲಿ ಉಲ್ಲೇಖಿಸಿರುವ 2002ರ ಸಮೀಕ್ಷೆಯಂತೆ, ಅಡುಗೆಮನೆ ನವೀಕರಿಸಿದ ಅಮೆರಿಕದ ಮನೆಯವರು ಸರಾಸರಿ 18,658 ಡಾಲರ್ ಆಗಬಹುದೆಂದುಕೊಂಡಿದ್ದರು. ಕೊನೆಗೆ ತೆತ್ತದ್ದು ಸರಾಸರಿ 38,769 ಡಾಲರ್. ಮೂಲ ಯೋಜನೆಗೆ ಆಮೇಲೆ ಸೇರುವ ಕೆಲಸಗಳಿಂದಲೇ ಗುತ್ತಿಗೆದಾರರಿಗೆ ಹೆಚ್ಚಿನ ಲಾಭ ಎಂಬುದನ್ನೂ ಕಾನಮನ್ ಗುರುತಿಸಿದ್ದಾರೆ. ಅಳತೆ ಬೇಡ ಎನ್ನಲು ಇದು ಕಾರಣವಾಗದು. ಬಾಬ್ತಿನ ದರವನ್ನು ಮೊದಲೇ ಬರೆದಿಡಬೇಕು ಎಂಬುದಕ್ಕೇ ಇದು ಸಾಕ್ಷಿ. ಎಷ್ಟು ಅಡಿ ಪೈಪು ಬದಲಿಸಬೇಕು ಎಂಬುದು ಇಂದು ಗೊತ್ತಿಲ್ಲದಿರಬಹುದು. ಒಂದು ಅಡಿಗೆ ಎಷ್ಟು ಎಂಬುದನ್ನು ಇಂದೇ ಒಪ್ಪಿಕೊಳ್ಳಬಹುದು. ಗೋಡೆ ಒಡೆದ ಮೇಲೆ, ನಲ್ಲಿಯಲ್ಲಿ ನೀರಿಲ್ಲದೆ ಮನೆಯವರು ಕಂಗಾಲಾದ ಹೊತ್ತಿನಲ್ಲಿ ದರ ಮಾತಾಡುವುದಕ್ಕಿಂತ ಇದು ಎಷ್ಟೋ ಮೇಲು. ಅನಿಶ್ಚಿತತೆಯನ್ನು ಕಡಿಮೆ ಮಾಡಲೂ ಸಾಧ್ಯ. ತಾರಸಿಯ ಒಳಮೈಯನ್ನು ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು ಬರುವ ಜಾಗ ತಿಳಿಯುತ್ತದೆ. ಅಲ್ಲಿ ಒಳಗಿನ ಸರಳಿಗೆ ತುಕ್ಕು ಹಿಡಿದಿರಬಹುದು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅಂಥ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿದರೆ ಹಣವೂ ಹೋಯಿತು, ಅಪಾಯವೂ ಉಳಿಯಿತು. ಒಪ್ಪಂದಕ್ಕೆ ಮುನ್ನ ಎರಡು ಮೂರು ಕಡೆ ಕೆತ್ತಿ ನೋಡಿ, ಅಗತ್ಯವಿದ್ದರೆ ಸ್ಟ್ರಕ್ಚರಲ್ ಎಂಜಿನಿಯರರಿಂದ ಪರೀಕ್ಷೆ ಮಾಡಿಸಬೇಕು. ಇಷ್ಟಾದ ಮೇಲೂ ಅಂದಾಜಿನ ಮೇಲೆ ಶೇ 15ರಿಂದ 20ರಷ್ಟು ಹಣವನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಅದು ಹೊಸ ಆಸೆಗಳಿಗಲ್ಲ, ಗೋಡೆಯೊಳಗಿಂದ ಬರುವ ಸುದ್ದಿಗೆ.

ಗುತ್ತಿಗೆದಾರರು ಹೇಳಿದ ದರದಾಚೆಗೆ ಇರುವ ಖರ್ಚೂ ಇದೇ ಪಟ್ಟಿಯಲ್ಲಿರಬೇಕು. ಒಂಬತ್ತು ಅಂಗುಲದ, ಹತ್ತಡಿ ಉದ್ದ ಹತ್ತಡಿ ಎತ್ತರದ ಒಂದೇ ಗೋಡೆ ಒಡೆದರೆ 75 ಘನ ಅಡಿ. ಸಡಿಲಾದ ಮೇಲೆ ಅದು ನೂರು ದಾಟುತ್ತದೆ, ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಲೋಡ್. ಇದರ ಸಾಗಣೆಯನ್ನು ಲೆಕ್ಕಕ್ಕೆ ಹಿಡಿಯದಿರುವುದರಿಂದಲೇ ನಮ್ಮ ಎಷ್ಟೋ ಕೆರೆಯಂಚುಗಳಲ್ಲಿ ರಾತ್ರೋರಾತ್ರಿ ಇಟ್ಟಿಗೆ ಚೂರು ಬೀಳುತ್ತಿದೆ. ನೋಂದಾಯಿತ ಗುತ್ತಿಗೆದಾರರಿಗೆ ಸಾಮಗ್ರಿ ಸಮೇತ ಕೆಲಸ ಕೊಟ್ಟರೆ ಶೇ 18 ಜಿಎಸ್‌ಟಿ ಬೀಳುತ್ತದೆ. ಹೇಳಿದ ದರದಲ್ಲಿ ಅದು ಸೇರಿದೆಯೇ ಎಂದು ಕೇಳದಿದ್ದರೆ ಕೊನೆಯ ಬಿಲ್ಲಿನಲ್ಲಿ ಗೊತ್ತಾಗುತ್ತದೆ. ಸಾಲ ಮಾಡಿದರೆ ಬಡ್ಡಿಯಿದೆ. ಸ್ವಂತ ವಾಸದ ಮನೆ ಕೊಳ್ಳಲು, ಕಟ್ಟಲು ಮಾಡಿದ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ 2 ಲಕ್ಷದವರೆಗೆ ವಿನಾಯಿತಿ ಇದ್ದರೆ, ದುರಸ್ತಿಯ ಸಾಲಕ್ಕೆ ಸಿಗುವುದು 30,000 ರೂಪಾಯಿ ಮಾತ್ರ. ಕೆಲಸ ನಡೆಯುವ ತಿಂಗಳುಗಳ ಬಾಡಿಗೆ ಮನೆ, ಸಾಮಾನು ಸಾಗಣೆ ಬೇರೆ.

ಉಳಿದದ್ದು ನಂಬಿಕೆಯ ಪ್ರಶ್ನೆ. ಮೇಸ್ತ್ರಿ ಪರಿಚಯದವರು, ಬರೆದುಕೊಡಿ ಎಂದರೆ ಬೇಸರಪಟ್ಟುಕೊಳ್ಳುತ್ತಾರೆ ಎಂಬ ಸಂಕೋಚ ನಮ್ಮಲ್ಲಿ ಆಳವಾಗಿದೆ. ಆದರೆ ಒಟ್ಟು ಮೊತ್ತಕ್ಕೆ ಒಪ್ಪಿಕೊಂಡು ನಷ್ಟಕ್ಕೆ ಸಿಕ್ಕಿಬೀಳುವುದು ಎಷ್ಟೋ ಸಲ ಆ ಮೇಸ್ತ್ರಿಯೇ. ನಷ್ಟವಾದಾಗ ಅವರು ಕೆಲಸ ಅರ್ಧಕ್ಕೆ ಬಿಡುತ್ತಾರೆ, ಇಲ್ಲವೇ ಕೂಲಿಯವರ ವಾರದ ಬಟವಾಡೆ ನಿಲ್ಲುತ್ತದೆ. ಅಳತೆ ಬರೆದಿಟ್ಟ ಒಪ್ಪಂದ ಮನೆಯವರನ್ನು ಕಾಯುವಷ್ಟೇ ಅವರನ್ನೂ ಕಾಯುತ್ತದೆ. ಎಂಜಿನಿಯರಿಗೆ ಕೊಡುವ ಶುಲ್ಕ ಹೊರೆ ಎಂಬ ಮಾತೂ ಇದೆ. ಸಣ್ಣ ದುರಸ್ತಿಗೆ ಅದು ನಿಜ. ಟೇಪು, ನೋಟುಪುಸ್ತಕ ಹಿಡಿದು ಮನೆಯವರೇ ಅಳೆಯಬಹುದು. ಹಲವು ಲಕ್ಷದ ಕೆಲಸದಲ್ಲಿ, ಅದರಲ್ಲೂ ಭಾರ ಹೊರುವ ಗೋಡೆಗೆ ಕೈ ಹಾಕುವಾಗ, ಆ ಶುಲ್ಕ ಉಳಿಸುವುದು ಉಳಿತಾಯವಲ್ಲ.

ಕಾನೂನಿನ ದೃಷ್ಟಿಯಿಂದಲೂ ಬರೆದಿಟ್ಟ ಒಪ್ಪಂದಕ್ಕೆ ಬೆಲೆಯಿದೆ. ಫ್ಲ್ಯಾಟ್ ಕೊಳ್ಳುವವರಿಗೆ ರೇರಾ ಕಾಯ್ದೆಯ ರಕ್ಷಣೆ ಇದೆ. ಮಾರಾಟದ ಉದ್ದೇಶವಿಲ್ಲದ ನವೀಕರಣ, ದುರಸ್ತಿಗೆ ಆ ಕಾಯ್ದೆಯ ನೋಂದಣಿಯೇ ಅನ್ವಯಿಸುವುದಿಲ್ಲ. ಗ್ರಾಹಕ ಆಯೋಗಕ್ಕೆ ಹೋಗಬಹುದು, ಆದರೆ ಯಾವ ಕೆಲಸ, ಎಷ್ಟು, ಯಾವ ದರಕ್ಕೆ ಎಂಬುದೇ ಬರಹದಲ್ಲಿಲ್ಲದಿದ್ದರೆ ಅಲ್ಲಿ ವಾದಿಸಲು ಏನೂ ಇರುವುದಿಲ್ಲ. ಹಾಗಾಗಿ ಲೋಕೋಪಯೋಗಿ ಇಲಾಖೆ ತನ್ನ ದರಪಟ್ಟಿಯಿಂದ ಮನೆ ನವೀಕರಣಕ್ಕೆ ಬೇಕಾದ ಬಾಬ್ತುಗಳನ್ನು ಆರಿಸಿ, ಒಂದೊಂದಕ್ಕೂ ಎಷ್ಟು ಸಿಮೆಂಟು, ಎಷ್ಟು ಆಳು ಎಂಬ ವಿವರದೊಂದಿಗೆ ಸರಳ ಕನ್ನಡದಲ್ಲಿ ಪ್ರತಿ ವರ್ಷ ಪ್ರಕಟಿಸಬೇಕು. ಅದರ ಜೊತೆಗೆ ಒಂದು ಮಾದರಿ ಒಪ್ಪಂದ ಪತ್ರವನ್ನೂ ಕೊಡಬೇಕು. ನವೀಕರಣ ಸಾಲಕ್ಕೆ ಎಂಜಿನಿಯರ್ ಸಹಿಯ ಅಂದಾಜು ಪತ್ರ ಕೇಳುವ ಬ್ಯಾಂಕುಗಳು ಅದನ್ನು ಸಾಲದ ಮೊತ್ತಕ್ಕೆ ಹೊಂದಿಸಿದ ಕಾಗದವಾಗಲು ಬಿಡದೆ, ಬಾಬ್ತುವಾರು ಅಳತೆಯ ಮೇಲೆ ನಿಂತಿದೆಯೇ ಎಂದು ನೋಡಬೇಕು. ಇದಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ಖರ್ಚೂ ಇಲ್ಲ. ಅಲ್ಲಿಯವರೆಗೆ ಮನೆಯವರು ಮಾಡಬಹುದಾದ ಒಂದು ಕೆಲಸವಿದೆ: ಬಾಬ್ತು, ಅಳತೆ, ದರ ಮೂರೂ ಬರೆದ ಪಟ್ಟಿ ಕೈಗೆ ಬರುವವರೆಗೆ ಮುಂಗಡ ಕೊಡದಿರುವುದು.