ಫೋಟೋದಲ್ಲಿ ಅಪ್ಪ-ಅಮ್ಮ ಯಾಕಿಲ್ಲ?



ಕೆನಡಾದಲ್ಲಿ ನೆಲೆಸಿದವರು ಊರಲ್ಲಿರೋ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳೋಕೆ ಸ್ಪಾನ್ಸರ್ ಅರ್ಜಿ ಹಾಕಬೇಕು. ಮದುವೆ ಸರ್ಟಿಫಿಕೇಟ್ ಒಂದೇ ಸಾಲಲ್ಲ. ಅಲ್ಲಿನ ವಲಸೆ ನಿಯಮದ ಪ್ರಕಾರ ಮದುವೆ ನಿಜವಲ್ಲ ಅನಿಸಿದ್ರೂ ಅರ್ಜಿ ವಜಾ, ಮುಖ್ಯವಾಗಿ ವಲಸೆಗಾಗಿಯೇ ಆದದ್ದು ಅನಿಸಿದ್ರೂ ವಜಾ. ರುಜುವಾತಿನ ಹೊರೆ ಅರ್ಜಿದಾರರದ್ದೇ. ಮದುವೆಗೆ ಯಾರ್ಯಾರು ಬಂದಿದ್ರು? ಮನೆಯವರಿಗೆ ಗೊತ್ತಾ? ಫೋಟೋ ಎಲ್ಲಿ?

ನಾನೂ ಗುಮಾಸ್ತನೇ. ದಾಖಲೆ ಕೇಳಲೇಬಾರದು ಅಂತಿಲ್ಲ. ದುಡ್ಡಿಗಾಗಿ ಆಗೋ ನಕಲಿ ಮದುವೆಗಳಿವೆ, ಮೋಸ ಹೋದ ಹೆಣ್ಣುಮಕ್ಕಳೂ ಇದ್ದಾರೆ. ನನ್ನ ತಕರಾರು ಅಳತೆಗೋಲಿನ ಬಗ್ಗೆ.

ಜಾತಿಯೊಳಗೆ, ಛತ್ರದಲ್ಲಿ, ಐನೂರು ಜನಕ್ಕೆ ಊಟ ಹಾಕಿ ಆದ ಮದುವೆಗೆ ಆಲ್ಬಂ ತಾನಾಗೇ ಸಿಗುತ್ತೆ. ದಲಿತ ಹುಡುಗ, ಮೇಲ್ಜಾತಿ ಹುಡುಗಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮೂವರು ಸಾಕ್ಷಿಗಳ ಎದುರು ಮದುವೆಯಾದ್ರೆ? 1954ರ ವಿಶೇಷ ವಿವಾಹ ಕಾಯ್ದೆ ಮೊದಲೇ 30 ದಿನದ ನೋಟಿಸ್ ಅಂಟಿಸುತ್ತೆ. ಮಚ್ಚು ಹಿಡಿದು ಹುಡುಕೋರಿಗೆ ವಿಳಾಸ ಬರೆದು ಕೊಟ್ಟ ಹಾಗೆ. ಅದನ್ನೆಲ್ಲ ದಾಟಿ ಜೀವ ಉಳಿಸಿಕೊಂಡವರ ಮುಂದೆ "ಅಪ್ಪ-ಅಮ್ಮ ಫೋಟೋದಲ್ಲಿ ಯಾಕಿಲ್ಲ" ಅನ್ನೋ ಅನುಮಾನ ಬಂದು ನಿಲ್ಲುತ್ತೆ. ಅಲ್ಲಿನ ಮೇಲ್ಮನವಿಗಳಲ್ಲಿ ಜೋಡಿಯ ಜಾತಿ, ಧರ್ಮ ಹೊಂದುತ್ತಾ ಅಂತ ತೂಗಿದ್ದೂ ಉಂಟು. ಅಲ್ರೀ, ಇವರನ್ನ ಮನೆಯಿಂದ ಆಚೆ ಹಾಕಿದ್ದೇ ಆ ಜಾತಿ! ಅದರ ಒಪ್ಪಿಗೆ ಇಲ್ಲ ಅನ್ನೋದು ಮದುವೆ ಸುಳ್ಳು ಅನ್ನೋಕೆ ಸಾಕ್ಷಿ ಆಗೋದು ಯಾವ ನ್ಯಾಯ?

1936ರಲ್ಲೇ ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಅಂತರ್ಜಾತಿ ಮದುವೆಯೇ ಜಾತಿಗೆ ನಿಜವಾದ ಮದ್ದು ಅಂದ್ರು. ಎಲ್ಲ ಕಳೆದುಕೊಂಡು ಆದ ಮದುವೆಗಿಂತ ಅಸಲಿ ಮದುವೆ ಇನ್ಯಾವುದು?

ಇನ್ನು ನಮ್ಮ ಸಂಘಟನೆಯವರಿಗೊಂದು ಮಾತು. ಹಾರ ಹಾಕಿಸಿ, ಘೋಷಣೆ ಕೂಗಿ ಬಂದ್ರೆ ಕೆಲಸ ಮುಗೀಲಿಲ್ಲ. ಮನೆಯವರು ಯಾಕೆ ಬರಲಿಲ್ಲ ಅಂತ ಕಣ್ಣಾರೆ ಕಂಡವರು ಅಫಿಡವಿಟ್ ಮಾಡಿಕೊಡಿ. ಬೆದರಿಕೆ ಬಂದಿದ್ರೆ ಪೊಲೀಸ್ ದೂರಿನ ಪ್ರತಿ, ರಕ್ಷಣೆ ಕೋರಿದ ಅರ್ಜಿ ಜೋಪಾನ ಮಾಡಿಸಿ. ಇಂಥ ಜೋಡಿಗಳಿಗೆ ರಕ್ಷಣೆ ಕೊಡಿ ಅಂತ 2018ರಲ್ಲೇ ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಗಳಿಗೆ ಹೇಳಿದೆ, ಆ ತೀರ್ಪನ್ನೂ ಲಗತ್ತಿಸಿ. ಬಾಡಿಗೆ ಕರಾರು, ಹಣ ಕಳಿಸಿದ ರಸೀದಿ, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ ಅಂತ ಮೊದಲ ದಿನವೇ ತಿಳಿಸಿ.

ಕೆನಡಾದಲ್ಲಿರೋ ಕನ್ನಡದ ಗೆಳೆಯರೇ, ಅಲ್ಲಿನ ಅಧಿಕಾರಿಗಳಿಗೆ ಜಾತಿ ಅಂದ್ರೆ ಏನು ಅಂತ ನೀವು ಹೇಳದಿದ್ರೆ ಇನ್ಯಾರು ಹೇಳ್ತಾರೆ? ಹಬ್ಬಕ್ಕೆ ಒಬ್ಬಟ್ಟು ಹಂಚಿದ್ದು ಸಾಕು, ಈ ಜೋಡಿಗಳ ಪರ ಒಂದು ಪತ್ರ ಬರೆದುಕೊಡಿ.

ಜೈಭೀಮ್.