ನಮ್ಮ ನೆತ್ತರನ್ನೇ ನಮಗೆ ಮಾರುವ ಪೇಟೆ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಚೀಲವನ್ನು ಬಿಚ್ಚಿ ಮುಷ್ಟಿಯಷ್ಟು ಮೆಣಸಿನಕಾಯಿಯನ್ನು ಅಂಗೈಮೇಲೆ ಹರಡಿಕೊಂಡು ನೋಡುವ ವರ್ತಕನು ಮೊದಲು ಪರೀಕ್ಷಿಸುವುದು ಅದರ ಬಣ್ಣವನ್ನೂ ಸುಕ್ಕನ್ನೂ. ನುಣುಪು ಮೈಯ ಕಾಯಿಗಿಂತ ಮೈಯೆಲ್ಲ ನೆರಿಗೆಗಟ್ಟಿದ ಕಾಯಿಗೆ ಅಲ್ಲಿ ಮರ್ಯಾದೆ ಹೆಚ್ಚು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನು ಪಡೆದ ಈ ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಕೆಂಪು ಸತ್ತ್ವವು ಉಗುರುಬಣ್ಣಕ್ಕೂ ತುಟಿಬಣ್ಣಕ್ಕೂ ಸೇರಿ ದೇಶಾಂತರಗಳಿಗೆ ಹೋಗುತ್ತದೆ. ಹೀಗೆ ಸುಕ್ಕನ್ನು ಕ್ವಿಂಟಲಿನ ಲೆಕ್ಕದಲ್ಲಿ ಮಾರಿ ಬದುಕುವ ಹಾವೇರಿ ಜಿಲ್ಲೆಯ ಜನರು, ತಮ್ಮ ಮುಖದ ಸುಕ್ಕನ್ನು ಕಳೆದುಕೊಳ್ಳುವುದಕ್ಕೂ ತಲೆಯ ಕೂದಲನ್ನು ಮರಳಿ ಬೆಳೆಸಿಕೊಳ್ಳುವುದಕ್ಕೂ ಹುಬ್ಬಳ್ಳಿಯ ಬಸ್ಸು ಹತ್ತತೊಡಗಿರುವರೆಂಬ ಸಂಗತಿಯು, ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯ ಪರಿಚಿತರ ಮನೆಯೊಂದರಲ್ಲಿ ಕಳೆದ ಸುಗ್ಗಿಯ ಹೊತ್ತಿಗೆ ನನಗೆ ತಿಳಿದುಬಂತು.

ಆ ಮನೆಯ ಮಗನಿಗೆ ಮೂವತ್ತೊಂದು ವರ್ಷ. ಪದವಿ ಮುಗಿಸಿ, ಎರಡು ವರ್ಷ ಪಟ್ಟಣದಲ್ಲಿ ನೌಕರಿ ಮಾಡಿ, ತಂದೆಯ ಮೈಯಲ್ಲಿ ಶಕ್ತಿ ಕುಂದಿದ ಮೇಲೆ ಊರಿಗೆ ಮರಳಿ ಗೋವಿನಜೋಳವನ್ನೂ ಹತ್ತಿಯನ್ನೂ ಬೆಳೆಯುತ್ತ ಬಂದಿರುವ ಈ ತರುಣನನ್ನು ನೋಡಿ ಹೋದ ಹೆಣ್ಣಿನ ಕಡೆಯವರು, ಒಬ್ಬರಾದ ಮೇಲೆ ಒಬ್ಬರಂತೆ, ಒಂದೇ ಮಾತನ್ನು ಹೇಳಿ ಕಳುಹಿದ್ದರು: ‘ಹುಡುಗ ಛಲೋನ ಅದಾನ್ರಿ, ತಲಿ ಒಂದಿಷ್ಟು ಬೋಳಾಗೇತಿ.’ ಒಕ್ಕಲುತನದ ಗಂಡಿಗೆ ಹೆಣ್ಣು ದೊರೆಯುವುದೇ ದುರ್ಲಭವಾಗಿರುವ ಈ ಸೀಮೆಯಲ್ಲಿ, ಹೊಲವಿರುವುದು ಒಂದು ಕುಂದೆಂದೂ ಕೂದಲಿಲ್ಲದಿರುವುದು ಇನ್ನೊಂದು ಕುಂದೆಂದೂ ಎಣಿಕೆಯಾಗುತ್ತಿರಲು, ಎರಡರಲ್ಲಿ ಒಂದನ್ನಾದರೂ ನಿವಾರಿಸಿಕೊಳ್ಳೋಣವೆಂದು ಅವನು ಹೊರಟುದರಲ್ಲಿ ನನಗೆ ಆಶ್ಚರ್ಯವೇನೂ ತೋರಲಿಲ್ಲ. ಅವನ ತಾಯಿಯ ಅಪೇಕ್ಷೆಯಂತೆ ನಾನೂ ಹುಬ್ಬಳ್ಳಿಯ ಚಿಕಿತ್ಸಾಲಯವೊಂದಕ್ಕೆ ಅವನ ಜೊತೆಗೆ ಹೋದೆನು.

ಆ ಚಿಕಿತ್ಸಾಲಯದ ಹೆಸರು ಇಲ್ಲಿ ಅಪ್ರಸ್ತುತ. ಬಿಳಿಯ ನಿಲುವಂಗಿ ತೊಟ್ಟ, ಆದರೆ ಎದೆಯ ಮೇಲೆ ಹೆಸರಿನ ಪಟ್ಟಿಯಿಲ್ಲದ ಒಬ್ಬ ಯುವಕನು ಹುಡುಗನ ಮೊಳಕೈ ಮಡಿಕೆಯಿಂದ ನಾಲ್ಕು ಚಮಚದಷ್ಟು ರಕ್ತವನ್ನು ಸೆಳೆದು ಗಾಜಿನ ನಳಿಕೆಗಳಿಗೆ ತುಂಬಿ, ಮಿಕ್ಸರಿಗಿಂತ ಸ್ವಲ್ಪ ದೊಡ್ಡದಾದ ಒಂದು ಯಂತ್ರದೊಳಗಿಟ್ಟು ಮುಚ್ಚಳ ಹಾಕಿದನು. ಯಂತ್ರವು ಗಿರಗಿರನೆ ತಿರುಗಿ ನಿಂತಾಗ, ಕಡೆದ ಮಜ್ಜಿಗೆಯಲ್ಲಿ ಬೆಣ್ಣೆ ಬೇರೆಯಾದಂತೆ, ನಳಿಕೆಯೊಳಗಿನ ಕೆಂಪೆಲ್ಲ ತಳಕ್ಕಿಳಿದು ಮೇಲೆ ಒಣಗಿದ ಜೋಳದ ದಂಟಿನ ಬಣ್ಣದ ತಿಳಿಯು ನಿಂತಿತ್ತು. ಎರಡರ ನಡುವೆ ಕೂದಲೆಳೆಯಷ್ಟು ತೆಳುವಾದ ಒಂದು ಬಿಳಿಯ ಪದರ. ಆ ಹಳದಿಯ ತಿಳಿಯನ್ನು ಸೂಜಿಯಲ್ಲಿ ಎಳೆದುಕೊಂಡು ನೆತ್ತಿಯ ಮೇಲೆ ಬೆರಳಗಲಕ್ಕೊಂದರಂತೆ ಚುಚ್ಚುತ್ತ ಹೋದಾಗ, ಎತ್ತಿನ ಹಾಯುವಿಕೆಗೂ ಹೆದರದ ಆ ಹುಡುಗನು ಕುರ್ಚಿಯ ತೋಳನ್ನು ಬಿಗಿಹಿಡಿದು ಕಣ್ಣುಮುಚ್ಚಿದ್ದನು. ಒಂದು ಸಲಕ್ಕೆ 6,000 ರೂಪಾಯಿ. ಇಂಥವು ಆರು ಸಲ. 2025–26ನೆಯ ಸಾಲಿಗೆ ಕೇಂದ್ರ ಸರ್ಕಾರವು ಗೋವಿನಜೋಳಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಎಂದರೆ ಒಂದು ನೆತ್ತಿಗೆ ಹದಿನೈದು ಕ್ವಿಂಟಲ್ ಗೋವಿನಜೋಳ, ಅದೂ ಆ ಬೆಲೆ ಪೇಟೆಯಲ್ಲಿ ನಿಜವಾಗಿ ಕೈಗೆ ಬಂದ ಪಕ್ಷದಲ್ಲಿ. ನಿಮ್ಮ ವ್ಯಾಸಂಗವೇನು, ಈ ತಿಳಿಯಲ್ಲಿ ಪ್ಲೇಟ್‌ಲೆಟ್ ಎಷ್ಟಿದೆಯೆಂದು ಎಣಿಸಿದಿರಾ ಎಂಬ ನನ್ನ ಎರಡು ಪ್ರಶ್ನೆಗಳಿಗೆ ಉತ್ತರವಾಗಿ ದೊರೆತುದು, ತಿಂಗಳ ಕಂತಿನಲ್ಲಿ ಹಣ ತೀರಿಸುವ ಅನುಕೂಲವನ್ನು ವಿವರಿಸುವ ಒಂದು ಬಣ್ಣದ ಹಾಳೆ.

ಪಿಆರ್‌ಪಿ, ಎಂದರೆ ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ, ಎಂಬ ಈ ಕ್ರಮವು ಮೋಸವೆಂದು ನಾನು ಹೇಳಹೊರಟವನಲ್ಲ. ಡೆಂಗ್ಯೂ ಜ್ವರದ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಎಲ್ಲರೂ ‘ಬಿಳಿ ರಕ್ತಕಣ ಇಳಿದಾವ’ ಎಂದು ಗಾಬರಿಪಡುವರಷ್ಟೆ. ಅವರು ಹೇಳುವುದು ಬಿಳಿಯ ಕಣಗಳನ್ನಲ್ಲ, ಪ್ಲೇಟ್‌ಲೆಟ್ ಎಂಬ ಅತಿ ಸೂಕ್ಷ್ಮವಾದ ತುಣುಕುಗಳನ್ನು. ಆರೋಗ್ಯವಂತನ ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಅವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಗಾಯವಾದೆಡೆಗೆ ಮೊದಲು ಧಾವಿಸಿ ರಕ್ತವನ್ನು ಹೆಪ್ಪುಗಟ್ಟಿಸುವ ಇವುಗಳ ಹೊಟ್ಟೆಯೊಳಗೆ, ಹೊಸ ಜೀವಕೋಶಗಳನ್ನೂ ಹೊಸ ರಕ್ತನಾಳಗಳನ್ನೂ ಬೆಳೆಯುವಂತೆ ಪ್ರಚೋದಿಸುವ ದ್ರವ್ಯಗಳ ಸಂಚಯವಿರುವುದರಿಂದ, ಅವನ್ನು ಸಾಂದ್ರಗೊಳಿಸಿ ಬೇಕಾದೆಡೆಗೆ ಸೇರಿಸಿದರೆ ದೇಹವು ತನ್ನ ದುರಸ್ತಿಯನ್ನು ತಾನೇ ತ್ವರೆಯಾಗಿ ಮಾಡಿಕೊಂಡೀತೆಂಬುದು ಇದರ ಹಿಂದಿನ ತರ್ಕ. 1998ರಲ್ಲಿ ಅಮೆರಿಕೆಯ ರಾಬರ್ಟ್ ಮಾರ್ಕ್ಸ್ ಮತ್ತು ಸಂಗಡಿಗರು ಇದನ್ನು ಪ್ರಸಿದ್ಧಿಗೆ ತಂದುದು ಕೂದಲಿಗಾಗಿ ಅಲ್ಲ, ಒಂದು ಭಾಗ ಕಳೆದುಹೋದ ದವಡೆಯ ಮೂಳೆಯನ್ನು ಮತ್ತೆ ಕಟ್ಟುವುದಕ್ಕಾಗಿ. ಸಾಂದ್ರಗೊಳಿಸಿದ ತಿಳಿಯಲ್ಲಿ ಮೈಕ್ರೋಲೀಟರಿಗೆ ಸುಮಾರು ಹತ್ತು ಲಕ್ಷ ಪ್ಲೇಟ್‌ಲೆಟ್ ಇರಬೇಕೆಂಬ ಲೆಕ್ಕವೂ ಅವರದೇ. ಆನುವಂಶಿಕವಾಗಿ ಕೂದಲು ವಿರಳವಾಗುವವರಲ್ಲಿ ಇದರಿಂದ ತಕ್ಕಮಟ್ಟಿನ ಪ್ರಯೋಜನವಾದುದನ್ನು ಹಲವು ಪರೀಕ್ಷೆಗಳು ತೋರಿಸಿವೆ. ಆದರೆ ಎಷ್ಟು ಹೊತ್ತು ತಿರುಗಿಸಬೇಕು, ಎಷ್ಟು ಸಲ ಚುಚ್ಚಬೇಕು ಎಂಬುದು ಒಂದೊಂದು ಕಡೆ ಒಂದೊಂದು ವಿಧ, ಮತ್ತು ಪೂರ್ತಿ ಬೋಳಾದ ನೆತ್ತಿಯಲ್ಲಿ ಇದು ಪೈರನ್ನು ಎಬ್ಬಿಸಲಾರದು. ಬೇರು ಸತ್ತ ಗಿಡಕ್ಕೆ ಗೊಬ್ಬರ ಹಾಕಿದರೆ ಏನಾಗುವುದೆಂಬುದು ಹಿರೇಬೆಂಡಿಗೇರಿಯವರಿಗೆ ನಾನು ಹೇಳಬೇಕಾದುದಿಲ್ಲ.

ಈ ಪೇಟೆಯ ಮಾತು ಹೇಗೆ ಬದಲಾಗುತ್ತ ಬಂದಿತೆಂಬುದು ವಿಚಾರಾರ್ಹವಾದುದು. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನವು ಗಂಧದೆಣ್ಣೆಯ ಸೋಪನ್ನು ಮಾಡತೊಡಗಿದಾಗ ಕೊಳ್ಳುವವನಿಗೆ ದೊರೆತ ಆಶ್ವಾಸನೆಯೆಂದರೆ ಶುಚಿ ಮತ್ತು ಸುಗಂಧ, ಅಷ್ಟೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿಯು ಬಿಳುಪಿನ ಆಸೆಯನ್ನು ಹಳ್ಳಿಯ ಕಿರಾಣಿ ಅಂಗಡಿಯ ಮೊಳೆಗೆ ಪುಟ್ಟ ಪೊಟ್ಟಣವಾಗಿ ತೂಗುಹಾಕಿ, 2020ರಲ್ಲಿ ನಾಚಿ ‘ಗ್ಲೋ’ ಎಂದು ಹೆಸರು ಬದಲಿಸಿಕೊಂಡಿತು. 2002ರಲ್ಲಿ ಹುಬ್ಬಿನ ನಡುವಣ ಗೆರೆಗಳಿಗಾಗಿ ಅಮೆರಿಕೆಯಲ್ಲಿ ಅನುಮತಿ ಪಡೆದ ಬೊಟಾಕ್ಸು ಸ್ನಾಯುವನ್ನು ಸ್ತಬ್ಧಗೊಳಿಸಿತು. ಫಿಲ್ಲರುಗಳು ಕುಳಿಯನ್ನು ತುಂಬಿದುವು. ಇವೆಲ್ಲವೂ ಹೊರಗಿನಿಂದ ತಂದು ಹಚ್ಚುವ ಇಲ್ಲವೆ ತುಂಬುವ ವಸ್ತುಗಳಾಗಿದ್ದುವು. ಈಗಣ ಧೋರಣೆಯೇ ಬೇರೆ: ‘ನಾವು ಏನನ್ನೂ ಹಚ್ಚುವುದಿಲ್ಲ, ನಿಮ್ಮ ದೇಹವೇ ತನ್ನನ್ನು ತಾನು ಹೊಸದಾಗಿಸಿಕೊಳ್ಳುವಂತೆ ಮಾಡುತ್ತೇವೆ.’ ಪಿಆರ್‌ಪಿಯ ಬೆನ್ನಿಗೇ ಜೀವಕೋಶಗಳು ಹೊರಬಿಡುವ ಸೂಕ್ಷ್ಮ ಚೀಲಗಳಾದ ಎಕ್ಸೋಸೋಮ್ ಬಂದಿತು, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್ ಬಂದಿತು, ಕೊರಿಯಾ ದೇಶದ ಮಾದರಿಯಲ್ಲಿ ಸಾಲ್ಮನ್ ಮೀನಿನ ಡಿಎನ್‌ಎಯಿಂದ ಮಾಡಿದ ಚುಚ್ಚುಮದ್ದೂ ಬಂದಿತು. ಬೆಂಗಳೂರಿನಲ್ಲಿ ಮೊದಲು ಕಾಣಿಸಿಕೊಂಡ ಪದವು ಮೊಬೈಲಿನ ದೆಸೆಯಿಂದ ಶಿಗ್ಗಾಂವಿಯ ಕ್ಷೌರದಂಗಡಿಗೆ ಬರುವುದಕ್ಕೆ ಈಗ ಹೆಚ್ಚು ಕಾಲ ಹಿಡಿಯುವುದಿಲ್ಲ.

ಈ ನುಡಿಯ ಮೋಡಿಯೆಲ್ಲ ಅಡಗಿರುವುದು ‘ನಿಮ್ಮದೇ’ ಎಂಬ ಒಂದು ಶಬ್ದದಲ್ಲಿ. ಔಷಧಗಳ ನಿಯಮಾವಳಿಯ ‘ಜೆ’ ಅನುಸೂಚಿಯಲ್ಲಿ ಬೋಳುತನದ ಹೆಸರಿದೆ. ಅದನ್ನು ವಾಸಿಮಾಡುವುದಾಗಿ ಯಾವ ಔಷಧವೂ ಹೇಳಿಕೊಳ್ಳಕೂಡದೆಂಬುದು ಬಹುಕಾಲದ ನಿಷೇಧ. ಸಂತೆಯಲ್ಲಿ ಎಣ್ಣೆಯ ಸೀಸೆ ಹಿಡಿದು ಕೂಗುವವನನ್ನು ಹಿಡಿಯುವುದಕ್ಕೆ ಆ ನಿಯಮ ಸಾಕು. ಆದರೆ ಸೀಸೆಯೇ ಇಲ್ಲದೆ, ಔಷಧವೆಂಬ ಹೆಸರೇ ಇಲ್ಲದೆ, ನಿನ್ನ ರಕ್ತವನ್ನು ನಿನ್ನಿಂದಲೇ ತೆಗೆದು ನಿನಗೇ ಹಿಂತಿರುಗಿಸಿ ನಡುವಣ ಹತ್ತು ನಿಮಿಷಕ್ಕೆ ಹಣ ಪಡೆಯುವವನನ್ನು ಯಾವ ಅನುಸೂಚಿಯಲ್ಲಿ ಹುಡುಕುವುದು? ತನ್ನದೇ ನೆತ್ತರು ತನಗೆ ಕೇಡು ಮಾಡಲಾರದೆಂಬ ನಂಬಿಕೆಯು ಮನುಷ್ಯನಲ್ಲಿ ಅಷ್ಟು ಆಳವಾಗಿ ನೆಲೆಸಿರುವುದರಿಂದ, ಆ ನೆತ್ತರನ್ನು ಮುಟ್ಟುವ ಕೈ ಯಾರದು, ಸೂಜಿ ಎಲ್ಲಿಯದು ಎಂದು ಕೇಳುವುದನ್ನೇ ಅವನು ಮರೆಯುತ್ತಾನೆ. ಅಮೆರಿಕೆಯ ನ್ಯೂ ಮೆಕ್ಸಿಕೊ ಪ್ರಾಂತದಲ್ಲಿ ಇಂಥ ರಕ್ತದ ಮುಖೋಪಚಾರವನ್ನು ಮಾಡಿಸಿಕೊಂಡವರಿಗೆ ಎಚ್‌ಐವಿ ಸೋಂಕು ತಗುಲಿದುದು 2018ರಲ್ಲಿ ಬೆಳಕಿಗೆ ಬಂದು, ಸೌಂದರ್ಯದ ಚುಚ್ಚುಮದ್ದಿನಿಂದ ಆ ಸೋಂಕು ಹರಡಿರುವ ಸಂಭವದ ಮೊದಲ ದಾಖಲೆಯೆಂದು 2024ರಲ್ಲಿ ಅಲ್ಲಿನ ರೋಗನಿಯಂತ್ರಣ ಕೇಂದ್ರವು ಪ್ರಕಟಿಸಿತು. ರಕ್ತವೇನೋ ಅವರವರದೇ ಇದ್ದೀತು. ಉಪಕರಣಗಳು ಒಬ್ಬರವು ಇನ್ನೊಬ್ಬರಿಗೆ ಹೋಗಿದ್ದಿರಬೇಕು.

ಇಷ್ಟು ಹೇಳಿದ ಮಾತ್ರಕ್ಕೆ, ರೂಪದ ಚಿಂತೆಯೇ ಕ್ಷುಲ್ಲಕವೆಂದು ಮೂಗುಮುರಿಯುವ ಹಿರಿಯರ ಪಕ್ಷವನ್ನು ನಾನು ಹಿಡಿಯಲಾರೆ. ಶಿಗ್ಗಾಂವಿ ತಾಲ್ಲೂಕಿನದೇ ಆದ ಗೊಟಗೋಡಿಯ ರಾಕ್ ಗಾರ್ಡನ್ನಿನಲ್ಲಿ ಸಿಮೆಂಟಿನ ಮುದುಕರ ಮುಖದ ಸುಕ್ಕುಗಳನ್ನು ನೋಡಿ ‘ಎಷ್ಟು ಚಂದ’ ಎನ್ನುವುದು ಸುಲಭ. ಆ ಮುಖವು ತನ್ನದಾದಾಗ ತಿಳಿಯುತ್ತದೆ. ಕೆಟ್ಟ ರೂಪವನ್ನು ಸರಿಪಡಿಸುವ ವಿದ್ಯೆಯಲ್ಲಿ ಈ ದೇಶವು ಒಂದು ಕಾಲಕ್ಕೆ ಲೋಕಕ್ಕೇ ಗುರುವಾಗಿತ್ತು. ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಬಿದ್ದ ಮೂರನೆಯ ಮೈಸೂರು ಯುದ್ಧದಲ್ಲಿ, ಇಂಗ್ಲಿಷರ ದಂಡಿನ ಎತ್ತಿನ ಬಂಡಿಯವನಾದ ಕೋವಾಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ಪುಣೆಯ ಬಳಿ ಕುಂಬಾರ ಕುಲದ ಒಬ್ಬ ವೈದ್ಯನು, ಹಣೆಯ ಚರ್ಮವನ್ನು ಬೇರು ಬಿಡಿಸದೆ ಇಳಿಸಿ ತಿರುಗಿಸಿ ಕೂಡಿಸಿ, ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಈ ವೃತ್ತಾಂತವನ್ನು ಚಿತ್ರಸಹಿತ ಅಚ್ಚುಹಾಕಿದುದನ್ನು ಓದಿಯೇ, ಕಾರ್ಪ್ಯೂ ಎಂಬ ಆಂಗ್ಲ ಶಸ್ತ್ರವೈದ್ಯನು ಇಪ್ಪತ್ತು ವರ್ಷಗಳ ತರುವಾಯ ಅದನ್ನು ಅಲ್ಲಿ ಮಾಡಿ ನೋಡಿದುದು. ಆ ಕುಂಬಾರನ ಬಳಿ ಬಣ್ಣದ ಹಾಳೆಯಿರಲಿಲ್ಲ, ಆದರೆ ಕೈಯಲ್ಲಿ ವಿದ್ಯೆಯಿತ್ತು, ಮತ್ತು ಫಲವು ಊರೆಲ್ಲರ ಕಣ್ಣಿಗೆ ಕಾಣುವಂತೆ ಮುಖದ ನಡುವೆಯೇ ನಿಂತಿತ್ತು.

ದುರಸ್ತಿಗೂ ಅಲಂಕಾರಕ್ಕೂ ನಡುವಣ ಈ ಭೇದವನ್ನು ನಮ್ಮ ತೆರಿಗೆಯ ಕಾನೂನು ವೈದ್ಯರಿಗಿಂತ ಸ್ಪಷ್ಟವಾಗಿ ಅರಿತಂತಿದೆ: ಹುಟ್ಟಿನ ನ್ಯೂನತೆಗೋ ಗಾಯಕ್ಕೋ ಮಾಡುವ ರೂಪಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಬರಿಯ ಚೆಲುವಿಗಾಗಿ ಮಾಡಿಸಿಕೊಂಡರೆ ಉಂಟು. ಇನ್ನು ವೈದ್ಯಕೀಯದ ಕಡೆಯಿಂದಲೂ ಕಟ್ಟಳೆಗಳು ಇಲ್ಲದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆಯಾದ ಕೆಲವು ವ್ಯಾಧಿಗಳಿಗಲ್ಲದೆ ಸ್ಟೆಮ್ ಸೆಲ್ಲನ್ನು, ವಿಧಿಬದ್ಧವಾದ ಪರೀಕ್ಷಾಪ್ರಯೋಗದ ಹೊರಗೆ, ರೋಗಿಗಳ ಮೇಲೆ ಬಳಸುವಂತಿಲ್ಲ. ಮುಖಕಾಂತಿಯು ಆ ಪಟ್ಟಿಯಲ್ಲಿಲ್ಲವೆಂದು ಬೇರೆ ಹೇಳಬೇಕೆ? ಎಕ್ಸೋಸೋಮಿನ ಯಾವ ಉತ್ಪನ್ನಕ್ಕೂ ತಾನು ಅನುಮೋದನೆ ಕೊಟ್ಟಿಲ್ಲವೆಂದು ಅಮೆರಿಕೆಯ ಔಷಧ ಪ್ರಾಧಿಕಾರವು 2019ರ ಡಿಸೆಂಬರಿನಲ್ಲಿಯೇ ಎಚ್ಚರಿಸಿತ್ತು. ಕೂದಲು ನಾಟಿ ಮೊದಲಾದ ಸೌಂದರ್ಯ ಶಸ್ತ್ರಕರ್ಮಗಳನ್ನು ಯೂಟ್ಯೂಬು ನೋಡಿ ಕಲಿತರೆ ಸಾಲದೆಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಲಿಖಿತವಾಗಿ ಹೇಳಬೇಕಾಗಿ ಬಂದುದೇ ಸದ್ಯದ ಸ್ಥಿತಿಗೆ ಸಾಕಷ್ಟು ವ್ಯಾಖ್ಯಾನ. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಶಸ್ತ್ರಕ್ರಿಯೆಗೆ ಹೋದ ಇಪ್ಪತ್ತೊಂದು ವರ್ಷದ ಕಿರುತೆರೆಯ ನಟಿಯೊಬ್ಬಳು ಮನೆಗೆ ಮರಳಲಿಲ್ಲ.

ನನ್ನ ಅಭಿಪ್ರಾಯವಿಷ್ಟು. ಪಿಆರ್‌ಪಿಯನ್ನು ಚರ್ಮವೈದ್ಯದಲ್ಲಿ ಪಳಗಿದವರು, ಇಷ್ಟೇ ಆಗಬಹುದೆಂದು ಮೊದಲೇ ತಿಳಿಸಿ ಮಾಡುವುದಾದರೆ ಮಾಡಲಿ. ಎಕ್ಸೋಸೋಮನ್ನೂ ಸ್ಟೆಮ್ ಸೆಲ್ಲನ್ನೂ ಚೆಲುವಿನ ಹೆಸರಿನಲ್ಲಿ ಮಾರುವುದು ನಿಲ್ಲಲಿ. ಖಾಸಗಿ ವೈದ್ಯಕೀಯ ಸಂಸ್ಥೆಗಳನ್ನು ಕುರಿತ ನಮ್ಮ ರಾಜ್ಯದ 2007ರ ಅಧಿನಿಯಮದ ಪ್ರಕಾರ ಪ್ರತಿಯೊಂದು ಚಿಕಿತ್ಸಾಲಯವೂ ನೋಂದಣಿಯಾಗಿರಬೇಕು, ದರಪಟ್ಟಿಯನ್ನು ಕಾಣುವಂತೆ ತೂಗುಹಾಕಬೇಕು. ಇದನ್ನು ನೋಡಿಕೊಳ್ಳುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಹಾವೇರಿ ಮತ್ತು ಧಾರವಾಡ ಜಿಲ್ಲೆಗಳ ಪ್ರಾಧಿಕಾರಗಳು ಇಂಥ ಚಿಕಿತ್ಸೆಗೆ ಅರ್ಹರಾದವರು ಯಾರು, ಎಲ್ಲಿರುವರು ಎಂಬ ಒಂದು ಪುಟದ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಪಂಚಾಯಿತಿಗಳಿಗೆ ಕಳುಹಿಸಿದರೆ ಅದರ ಖರ್ಚು ಕಾಗದದ ಖರ್ಚೇ ಹೊರತು ಹೆಚ್ಚಿನದಲ್ಲ.

ಆ ಪಟ್ಟಿ ಬರುವವರೆಗೆ, ಹೊರಡುವ ಮುನ್ನ ಹುಡುಗರು ಇಷ್ಟನ್ನಾದರೂ ಮಾಡಲಿ: ಸೂಜಿ ಹಿಡಿಯುವವರ ಹೆಸರನ್ನೂ ವೈದ್ಯ ಮಂಡಳಿಯ ನೋಂದಣಿ ಸಂಖ್ಯೆಯನ್ನೂ ಹಣ ಕೊಡುವ ಮೊದಲೇ ರಸೀತಿಯ ಮೇಲೆ ಬರೆಯಿಸಿಕೊಳ್ಳಲಿ. ಬರೆದುಕೊಡಲು ಒಲ್ಲೆನೆಂದರೆ ಎದ್ದು ಬರಲಿ. ಶಿಗ್ಗಾಂವಿಯ ಕಡೆಗೆ ಹುಬ್ಬಳ್ಳಿಯಿಂದ ಬಸ್ಸುಗಳಿಗೇನೂ ಕೊರತೆಯಿಲ್ಲ.