ಬೋಲ್ಟಿಗೆ ತಪಾಸಣೆ, ಚರಂಡಿಗೆ ರಿಯಾಯಿತಿ

ಕಾರು ಕಂಪನಿಗಳ ವಾರ್ಷಿಕ ವರದಿ ತೆರೆದರೆ ಸೋಲಾರ್ ಫಲಕ, ಮಳೆನೀರು ಸಂಗ್ರಹ, ನೆಟ್ಟ ಗಿಡಗಳ ಲೆಕ್ಕ. ಎಲ್ಲವೂ ಕಾಂಪೌಂಡಿನ ಒಳಗಿನ ಮಾತು. ಕಾರಿನ ಬಿಡಿಭಾಗಗಳಲ್ಲಿ ಬಹುಪಾಲು ಹುಟ್ಟುವುದು ಹೊರಗೆ: ಫೌಂಡ್ರಿಗಳಲ್ಲಿ, ಫೋರ್ಜಿಂಗ್ ಘಟಕಗಳಲ್ಲಿ, ಪೀಣ್ಯದಂಥ ಕಡೆಯ ಪ್ಲೇಟಿಂಗ್ ಶೆಡ್ಡುಗಳಲ್ಲಿ.

ಈ ಹೊರಗಿನ ಲೆಕ್ಕವನ್ನೂ ಕೊಡಿ ಎಂದು ಸೆಬಿ 2023ರಲ್ಲಿ ದೇಶದ ಅಗ್ರ 250 ಲಿಸ್ಟೆಡ್ ಕಂಪನಿಗಳಿಗೆ ಹೇಳಿತು; ಕೊಡದಿದ್ದರೆ ಕಾರಣವನ್ನಾದರೂ ಹೇಳಬೇಕಿತ್ತು. ಉದ್ಯಮ ಗೊಣಗಿತು. 2025ರ ಮಾರ್ಚ್ ಹೊತ್ತಿಗೆ ನಿಯಮ ಒಂದು ವರ್ಷ ಮುಂದೆ ಹೋಗಿ, ‘ಇಷ್ಟವಿದ್ದರೆ ಕೊಡಿ’ ಎಂಬಲ್ಲಿಗೆ ಬಂತು. ಅದೂ ಒಟ್ಟು ಖರೀದಿಯಲ್ಲಿ ಶೇ 2ಕ್ಕಿಂತ ಕಡಿಮೆ ಪಾಲಿನ ಪೂರೈಕೆದಾರರನ್ನು ಬಿಟ್ಟು. ಕಿಲೋ ಲೆಕ್ಕದಲ್ಲಿ ಬೋಲ್ಟಿಗೆ ಸತು ಲೇಪಿಸುವವನು ಈ ಜರಡಿಯಲ್ಲಿ ಎಂದಾದರೂ ನಿಂತಾನೆಯೇ? ಆದರೆ ಇಂಥ ಲೇಪನ ಶೆಡ್ಡುಗಳಿರುವ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಹಲವು ಅಧ್ಯಯನಗಳಲ್ಲಿ ದಾಖಲಾಗಿರುವ ಸಂಗತಿ.

ಸಣ್ಣವರಿಗೆ ಕಾಗದಪತ್ರದ ಹೊರೆಯಾಗುತ್ತದೆ ಎಂಬುದು ದೊಡ್ಡವರ ವಾದ. ಎಂಥ ಕನಿಕರ! ವರ್ಷವರ್ಷವೂ ರೇಟು ಇಳಿಸು ಎಂದು ಕುತ್ತಿಗೆ ಹಿಡಿಯುವಾಗ ಇದು ಎಲ್ಲಿರುತ್ತದೆ? ಸಣ್ಣ ಉದ್ಯಮಗಳ ಬಿಲ್ಲನ್ನು 45 ದಿನದೊಳಗೆ ಪಾವತಿಸಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ಅದು ಸರಿಯಾಗಿ ನಡೆದಿದ್ದರೆ, ಬಾಕಿ ಉಳಿಸಿಕೊಂಡವರಿಗೆ ಅದನ್ನು ತೀರಿಸುವವರೆಗೂ ಆ ಖರ್ಚಿನ ಮೇಲೆ ತೆರಿಗೆ ಕಡಿತ ಸಿಗದು ಎಂದು 2023ರ ಹಣಕಾಸು ಕಾಯ್ದೆ ಗದರಿಸಬೇಕಾಗಿರಲಿಲ್ಲ.

ಕೆಳಹಂತದವರೆಗೆ ಕೈ ಚಾಚಲು ಆಗುವುದಿಲ್ಲ ಎಂಬುದೂ ಸುಳ್ಳು. ಸತು ಲೇಪಿಸಿದ ಬೋಲ್ಟುಗಳ ಮೇಲೆ ಹಿಂದೆ ಕಾಮನಬಿಲ್ಲಿನ ಛಾಯೆಯ ಹಳದಿ ಹೊಳಪು ಇರುತ್ತಿತ್ತು. ಅದು ಕ್ಯಾನ್ಸರ್‌ಕಾರಕ ಹೆಕ್ಸಾವೇಲೆಂಟ್ ಕ್ರೋಮಿಯಂನ ಕೊಡುಗೆ. ಯುರೋಪ್ ಒಕ್ಕೂಟ 2000ದ ನಿರ್ದೇಶನದಲ್ಲಿ ಅದನ್ನು ಕಾರುಗಳಿಂದ ಹೊರಹಾಕಲು ಹೊರಟು, 2007ರ ಹೊತ್ತಿಗೆ ಬಿಗಿ ಮಾಡಿತು. ಬಿಡಿಭಾಗದ ಡ್ರಾಯಿಂಗಿನಲ್ಲಿ ಒಂದು ಸಾಲು ಬದಲಾಯಿತು ನೋಡಿ, ರಫ್ತಿನ ಮಾಲಿಗೆ ಲೇಪನ ಮಾಡುವ ಶೆಡ್ಡುಗಳೆಲ್ಲ ಟ್ರೈವೇಲೆಂಟ್ ಕ್ರೋಮಿಯಂಗೆ ತಿರುಗಿದವು. ಆದರೆ ಆ ನಿಯಮ ಕಾರಿನ ಮೇಲೆ ಉಳಿಯುವ ವಿಷಕ್ಕೆ ಮಾತ್ರ. ತೊಟ್ಟಿ ತೊಳೆದ ನೀರು ಎಲ್ಲಿಗೆ ಹರಿಯಿತೆಂದು ಖರೀದಿದಾರ ಕೇಳಲಿಲ್ಲ.

ಈಗಲೂ ಒಂದು ಲಾಟ್ ರಿಜೆಕ್ಟ್ ಆದರೆ ಸಾಕು, ಕ್ವಾಲಿಟಿ ಎಂಜಿನಿಯರ್ ಓಡಿಬಂದು ತೊಟ್ಟಿಯ ಪಕ್ಕ ನಿಲ್ಲುತ್ತಾರೆ. ದ್ರಾವಣದ ಉಷ್ಣತೆ, ಲೇಪನದ ಮೈಕ್ರಾನ್, ದಾಖಲೆ ಪುಸ್ತಕ ಎಲ್ಲವನ್ನೂ ಜಾಲಾಡುತ್ತಾರೆ. ಅಲ್ಲಿಂದ ಹತ್ತು ಹೆಜ್ಜೆ ಆಚೆಗಿರುವ ಚರಂಡಿ ಅವರ ಚೆಕ್‌ಲಿಸ್ಟಿನಲ್ಲಿಲ್ಲ.

ಸೆಬಿ ಲೇಪನ, ಪೇಂಟಿಂಗ್, ಫೌಂಡ್ರಿ ಕೆಲಸಗಳಿಗೆ ಶೇ 2ರ ಮಿತಿ ತೆಗೆದುಹಾಕಿ, ಅವುಗಳ ವಿವರವನ್ನು ಕಡ್ಡಾಯ ಮಾಡಲಿ. ಕಾರು ಕಂಪನಿಗಳು ತ್ಯಾಜ್ಯನೀರು ಶುದ್ಧೀಕರಣದ ಖರ್ಚನ್ನು ಪರ್ಚೇಸ್ ಆರ್ಡರಿನಲ್ಲಿ ಪ್ರತ್ಯೇಕ ಸಾಲಾಗಿ ಬರೆದು ಪಾವತಿಸಲಿ. ಆ ಸಾಲಿನ ಮೇಲೆ ರೇಟು ಚೌಕಾಸಿ ಬೇಡ. ಅಲ್ಲಿಯವರೆಗೆ ‘ಹಸಿರು ಪೂರೈಕೆ ಸರಪಳಿ’ ಎಂಬ ಜಾಹೀರಾತನ್ನು ನಿಲ್ಲಿಸಲಿ.